ಮಳೆ ರಜೆಯ ಊರಿಗೆ ಒಪ್ಪುವ ಪಾಠ: ನಮ್ಮೂರ ಸರ್ಕಾರಿ ಪ್ರಾಥಮಿಕ ಶಾಲೆಯ ಬಗ್ಗೆ

ಮೊದಲೇ ಹೇಳಿಬಿಡುತ್ತೇನೆ. ಒಂದರಿಂದ ಮೂರನೇ ಕ್ಲಾಸಿನವರೆಗೆ ಈ ಶಾಲೆಗೆ ನನ್ನ ಪೂರ್ತಿ ಅಂಕ. ನಾಲ್ಕು, ಐದನೇ ಕ್ಲಾಸಿಗೆ ಅರ್ಧ ಅಂಕ. ದಕ್ಷಿಣ ಕೊಡಗಿನ ಕಡೆ, ಗೋಣಿಕೊಪ್ಪ, ಪೊನ್ನಂಪೇಟೆ, ಸಿದ್ದಾಪುರದ ಆಸುಪಾಸಿನಲ್ಲಿ ಮಗುವನ್ನು ಒಂದನೇ ಕ್ಲಾಸಿಗೆ ಎಲ್ಲಿ ಸೇರಿಸುವುದು ಅಂತ ತಲೆ ಕೆಡಿಸಿಕೊಂಡವರು ತುಂಬಾ ಜನ ಇದ್ದಾರೆ. ಅವರಲ್ಲಿ ಹೆಚ್ಚಿನವರು ಕಟ್ಟಡ ನೋಡುತ್ತಾರೆ, ಬಸ್ ಮನೆ ಬಾಗಿಲಿಗೆ ಬರುತ್ತದಾ ಕೇಳುತ್ತಾರೆ, ಇಂಗ್ಲಿಷ್ ಮೀಡಿಯಮ್ಮಾ ಕೇಳುತ್ತಾರೆ. ಒಳಗೆ ಪಾಠ ಹೇಗೆ ಕಟ್ಟಿದ್ದಾರೆ, ಯಾವ ಕ್ರಮದಲ್ಲಿ ಕಲಿಸುತ್ತಾರೆ, ಮಗು ಎರಡು ವಾರ ತಪ್ಪಿಸಿಕೊಂಡರೆ ಏನಾಗುತ್ತದೆ ಅಂತ ಕೇಳುವವರು ಕಡಿಮೆ. ನಾನು ಬರೆಯಲು ಹೊರಟಿರುವುದು ಅದನ್ನೇ.

ನನ್ನ ಮಗ ಐದರಲ್ಲಿ, ಮಗಳು ಮೂರರಲ್ಲಿ, ಇಬ್ಬರೂ ಇದೇ ಶಾಲೆ. ನಾನು ಶಾಲೆಯ ಉಸ್ತುವಾರಿ ಸಮಿತಿಯಾದ ಎಸ್‌ಡಿಎಂಸಿಯಲ್ಲೂ ಇದ್ದೇನೆ, ಅದನ್ನು ಮುಚ್ಚಿಡುವುದಿಲ್ಲ. ಹಾಗಾಗಿ ಕ್ಲಾಸಿನ ಒಳಗೆ ಕೂತು ನೋಡುವ ಅವಕಾಶ ಬೇರೆ ಪೋಷಕರಿಗಿಂತ ನನಗೆ ಜಾಸ್ತಿ ಸಿಕ್ಕಿದೆ. ಶಾಲೆಯ ಹೆಸರು ಮಾತ್ರ ಬರೆಯುವುದಿಲ್ಲ. ಸಣ್ಣ ಊರು, ಇರುವುದೇ ಇಬ್ಬರು ಮೂವರು ಟೀಚರ್, ಹೊಗಳಿಕೆಯಾಗಲಿ ದೂರಾಗಲಿ ನೇರ ಅವರ ತಲೆಗೇ ಬರುತ್ತದೆ.

ಒಂದು, ಎರಡು, ಮೂರು ಕ್ಲಾಸಿನ ಮಕ್ಕಳೆಲ್ಲ ಒಂದೇ ಕೋಣೆಯಲ್ಲಿ, ಒಬ್ಬರೇ ಟೀಚರ್. ಇದನ್ನು ಕೇಳಿದ ಕೂಡಲೇ ಎಷ್ಟೋ ಜನ ಬೇಡ ಅಂದುಬಿಡುತ್ತಾರೆ. ಟೀಚರ್ ಸಾಲದೆ ಮಕ್ಕಳನ್ನು ಒಟ್ಟಿಗೆ ತುಂಬಿದ್ದಾರೆ ಅಂತ ಅವರ ಲೆಕ್ಕ. ಆದರೆ ಇಲ್ಲಿ ಮೂರನೇ ಕ್ಲಾಸಿನವರೆಗೆ ನಡೆಯುವುದು ನಲಿಕಲಿ ಅನ್ನುವ ಪದ್ಧತಿ, ಅದರ ಪಾಠವನ್ನು ಕಟ್ಟಿರುವುದೇ ಹಾಗೆ, ಬೇರೆ ಬೇರೆ ವಯಸ್ಸಿನ ಮಕ್ಕಳು ಒಟ್ಟಿಗೆ ಕೂತು ಕಲಿಯಲಿ ಅಂತಲೇ. ಇದು ಹುಟ್ಟಿದ್ದು ನಮಗೆ ದೂರದಲ್ಲಿ ಅಲ್ಲ, ನಾಗರಹೊಳೆ ಕಾಡಿನ ಆಚೆ ಬದಿಯ ಎಚ್.ಡಿ. ಕೋಟೆಯಲ್ಲಿ, 1995ರಲ್ಲಿ. ಅಲ್ಲಿಯ ಟೀಚರ್‌ಗಳು ಆಂಧ್ರದ ಮದನಪಲ್ಲಿ ಹತ್ತಿರದ ರಿಷಿ ವ್ಯಾಲಿಯ ಹಳ್ಳಿ ಶಾಲೆಗಳನ್ನು ನೋಡಿ ಬಂದು, ಯುನಿಸೆಫ್ ಬೆಂಬಲದಲ್ಲಿ ನಮ್ಮ ಮಕ್ಕಳಿಗೆ ಹೊಂದುವ ಹಾಗೆ ಮಾಡಿಕೊಂಡರು. ಆಮೇಲೆ 2009-10ರಲ್ಲಿ ರಾಜ್ಯದ ಎಲ್ಲ ಕನ್ನಡ ಮಾಧ್ಯಮ ಸರ್ಕಾರಿ ಶಾಲೆಗಳ ಒಂದು ಮತ್ತು ಎರಡನೇ ಕ್ಲಾಸಿಗೆ ಬಂತು, ಮುಂದಿನ ವರ್ಷ ಮೂರಕ್ಕೂ ಬಂತು. ಕಾಡಂಚಿನ ಆದಿವಾಸಿ ಹಾಡಿ, ಕೂಲಿ ಮಾಡುವ ಅಪ್ಪ ಅಮ್ಮ, ಇವತ್ತು ಬಂದು ನಾಳೆ ಬಾರದ ಮಕ್ಕಳು, ಒಬ್ಬರೇ ಟೀಚರ್. ಎಚ್.ಡಿ. ಕೋಟೆಯ ಕಷ್ಟವೂ ನಮ್ಮ ಕಷ್ಟವೂ ಒಂದೇ ತರಹದ್ದು. ಬೆಂಗಳೂರಿನ ಮಗುವನ್ನು ಮನಸ್ಸಲ್ಲಿಟ್ಟು ಮಾಡಿದ ಪಾಠ ಇದಲ್ಲ ಅನ್ನುವುದು ನನಗೆ ಮುಖ್ಯ.

ಇನ್ನು ಕೋಣೆ. ಬೆಂಚಿಲ್ಲ, ಮಕ್ಕಳು ನೆಲದ ಮೇಲೆ ಗುಂಪು ಗುಂಪಾಗಿ ಕೂರುತ್ತಾರೆ. ಮೇಲೆ ದಾರ ಕಟ್ಟಿ ಚಪ್ಪರ ಮಾಡಿದ್ದಾರೆ, ಅದರಲ್ಲಿ ಮಕ್ಕಳು ಬರೆದ ಚಿತ್ರ, ಕತ್ತರಿಸಿದ ಕಾಗದ ತೂಗಾಡುತ್ತದೆ. ಗೋಡೆಯ ಕೆಳಗಡೆ ಸುತ್ತಲೂ ಕಪ್ಪು ಹಲಗೆ, ಪ್ರತಿ ಮಗುವಿಗೆ ತನ್ನದೇ ಜಾಗ, ಕೈಗೆಟಕುವ ಎತ್ತರದಲ್ಲಿ. ಒಂದು ಬದಿಯಲ್ಲಿ ಟ್ರೇಗಳು, ಟ್ರೇ ತುಂಬಾ ಕಾರ್ಡು. ಇನ್ನೊಂದು ಬದಿಯ ಗೋಡೆಯಲ್ಲಿ ಕಲಿಕಾ ಏಣಿ.

ಈ ಏಣಿಯೇ ಇಡೀ ಪಠ್ಯಕ್ರಮ. ಕನ್ನಡಕ್ಕೆ ಒಂದು, ಗಣಿತಕ್ಕೆ ಒಂದು, ಪರಿಸರಕ್ಕೆ ಒಂದು. ವರ್ಷದ ಪಾಠವನ್ನು ಮೈಲಿಗಲ್ಲುಗಳಾಗಿ ಒಡೆದು, ಪ್ರತಿ ಮೈಲಿಗಲ್ಲನ್ನು ಸಣ್ಣ ಸಣ್ಣ ಮೆಟ್ಟಿಲು ಮಾಡಿದ್ದಾರೆ. ಒಂದು ಮೆಟ್ಟಿಲಿಗೆ ಒಂದು ಕಾರ್ಡು. ಮೊದಲು ಟೀಚರ್ ಹೇಳಿಕೊಡುವ ಮೆಟ್ಟಿಲು, ಆಮೇಲೆ ಅಭ್ಯಾಸದ್ದು, ಆಟದ್ದು, ಕೊನೆಗೆ ಗೊತ್ತಾಗಿದೆಯಾ ಅಂತ ನೋಡುವುದು. ಪ್ರತಿ ಮೆಟ್ಟಿಲಿಗೂ ಒಂದು ಲೋಗೋ, ಹಕ್ಕಿಯೋ ಪ್ರಾಣಿಯೋ ಬಂಡಿಯೋ. ಓದಲು ಬಾರದ ಮಗುವೂ ತಾನು ಇವತ್ತು ಯಾವ ಕಾರ್ಡು ತೆಗೆಯಬೇಕು ಅಂತ ಚಿತ್ರ ನೋಡಿ ತಾನೇ ತೆಗೆದುಕೊಂಡು ಬರುತ್ತದೆ. ಕೂರುವ ಜಾಗಕ್ಕೆ ತಟ್ಟೆ ಅನ್ನುತ್ತಾರೆ. ಐದು ತಂಡ. ಹೊಸ ವಿಷಯ ಕಲಿಯುವವರು ಟೀಚರ್ ಪಕ್ಕದ ತಟ್ಟೆಗೆ, ಸ್ವಲ್ಪ ಬಂದವರು ಅದರ ಪಕ್ಕಕ್ಕೆ, ಗೆಳೆಯರ ಸಹಾಯದಲ್ಲಿ ಮಾಡುವವರು ಇನ್ನೊಂದು ಕಡೆ, ಗೆಳೆಯರ ಸಹಾಯ ಸ್ವಲ್ಪವೇ ಸಾಕಾದವರು ಅದರ ಪಕ್ಕ, ಒಬ್ಬರೇ ಮಾಡಬಲ್ಲವರು ಕೊನೆಗೆ. ಮಗು ಮೆಟ್ಟಿಲು ಹತ್ತಿದ ಹಾಗೆ ತಟ್ಟೆಯೂ ಬದಲಾಗುತ್ತದೆ. ಹಿಂದಿನ ಬೆಂಚಿನವರು ಅಂತ ಯಾರೂ ಇಲ್ಲವೇ ಇಲ್ಲ, ಯಾಕೆಂದರೆ ಬೆಳಿಗ್ಗೆ ಗಣಿತದಲ್ಲಿ ಟೀಚರ್ ಪಕ್ಕ ಕೂತ ಹುಡುಗ ಮಧ್ಯಾಹ್ನ ಕನ್ನಡದಲ್ಲಿ ಇನ್ನೊಬ್ಬನಿಗೆ ಹೇಳಿಕೊಡುತ್ತಾ ಕೂತಿರುತ್ತಾನೆ.

ಕೊಡಗಿಗೆ ಇದು ಯಾಕೆ ಇಷ್ಟು ಒಪ್ಪುತ್ತದೆ ಅಂದರೆ, ನಮ್ಮ ಮಕ್ಕಳು ಶಾಲೆ ತಪ್ಪಿಸುವುದು ಜಾಸ್ತಿ. ಅದು ಸೋಮಾರಿತನ ಅಲ್ಲ. ಜೂನ್ ಕೊನೆಯಿಂದ ಆಗಸ್ಟ್‌ವರೆಗೆ ಮಳೆ ಹಿಡಿದರೆ ಜಿಲ್ಲಾಧಿಕಾರಿಗಳು ರಜೆ ಕೊಡುತ್ತಾರೆ. ರಜೆ ಕೊಡದ ದಿನವೂ ತೋಡು ತುಂಬಿ ಹರಿದರೆ ಆಚೆ ಕಡೆಯ ಮಕ್ಕಳು ಬರುವುದಿಲ್ಲ. ತೋಟದಲ್ಲಿ ಆನೆ ನಿಂತಿದೆ ಅಂದರೆ ಆ ಬದಿಯ ದಾರಿಯೇ ಬಂದ್. ನವೆಂಬರ್‌ನಿಂದ ಅರೇಬಿಕಾ ಕಾಫಿ ಕೊಯ್ಲು, ಜನವರಿಯಿಂದ ರೊಬಸ್ಟಾ ಕಾಫಿ ಕೊಯ್ಲು. ಆಗ ಲೈನ್ ಮನೆಯ, ಅಂದರೆ ತೋಟದ ಕೂಲಿಯವರ ಸಾಲು ಮನೆಗಳ, ಕುಟುಂಬಗಳು ಒಂದು ತೋಟದಿಂದ ಇನ್ನೊಂದಕ್ಕೆ ಹೋಗುತ್ತವೆ, ಮಕ್ಕಳೂ ಜೊತೆಗೆ ಹೋಗುತ್ತಾರೆ. ಪುಸ್ತಕದ ಪಾಠ ಒಂದಾದ ಮೇಲೆ ಒಂದು ಹೋಗುತ್ತಿರುತ್ತದೆ, ತಪ್ಪಿದ ಮಗುವಿಗಾಗಿ ಅದು ನಿಲ್ಲುವುದಿಲ್ಲ. ಏಣಿಯಲ್ಲಿ ಮಗು ಬಿಟ್ಟ ಮೆಟ್ಟಿಲು ಹಾಗೇ ಇರುತ್ತದೆ.

ಹೋದ ವರ್ಷ ರೊಬಸ್ಟಾ ಕೊಯ್ಲು ಮುಗಿಯುವ ಹೊತ್ತಿಗೆ ಒಂದು ದಿನ ನಾನು ಆ ಕೋಣೆಯಲ್ಲಿ ಕೂತಿದ್ದೆ. ಲೈನ್ ಮನೆಯ ಹುಡುಗಿಯೊಬ್ಬಳು, ಎರಡನೇ ಕ್ಲಾಸು, ತುಂಬಾ ದಿನದ ಮೇಲೆ ಬಂದಿದ್ದಳು. ಬಾಗಿಲಲ್ಲೇ ನಿಂತಳು, ಒಳಗೆ ಬರಲು ನಾಚಿಕೆ. ಟೀಚರ್ ಎಲ್ಲಿಗೆ ಹೋಗಿದ್ದೆ, ಯಾಕೆ ಬರಲಿಲ್ಲ ಅಂತ ಒಂದೂ ಕೇಳಲಿಲ್ಲ. ಗೋಡೆಯ ಪ್ರಗತಿ ನೋಟದಲ್ಲಿ ಅವಳ ಹೆಸರಿನ ಸಾಲು ತೋರಿಸಿ, ನೋಡು, ನಿನ್ನ ಮೊಲದ ಕಾರ್ಡು ಬಾಕಿ ಇದೆ ಅಂದರು. ಅವಳು ಟ್ರೇ ಹತ್ತಿರ ಹೋಗಿ ಕಾರ್ಡು ಹುಡುಕಿ ತಂದಳು. ಓದಲು ಕೂತರೆ ತಡವರಿಸಿತು, ಒತ್ತಕ್ಷರ ಮರೆತಿದ್ದಳು. ಟೀಚರ್ ಮೊಲದ ಕಾರ್ಡು ಪಕ್ಕಕ್ಕಿಟ್ಟು, ಎರಡು ಮೆಟ್ಟಿಲು ಹಿಂದಿನ ಕಾರ್ಡು ಕೊಟ್ಟು, ಅದನ್ನು ಆಗಲೇ ಮುಗಿಸಿದ್ದ ಇನ್ನೊಬ್ಬಳ ಜೊತೆ ಕೂರಿಸಿದರು. ಅಷ್ಟೇ. ಬೈಗುಳ ಇಲ್ಲ, ಬೇರೆಯವರ ನೋಟ್ಸ್ ನೋಡಿ ಬರೆದುಕೊಂಡು ಬಾ ಅನ್ನುವುದಿಲ್ಲ. ಮಧ್ಯಾಹ್ನದ ಬಿಸಿಯೂಟದ ಹೊತ್ತಿಗೆ ಇಬ್ಬರೂ ಜೋರಾಗಿ ಓದುತ್ತಿದ್ದರು. ಅವಳು ಕ್ಲಾಸಿಗಿಂತ ಹಿಂದೆ ಇದ್ದಾಳೆ ಅಂತ ಆ ಕೋಣೆಯಲ್ಲಿ ಯಾರಿಗೂ ಅನಿಸಲಿಲ್ಲ, ಮುಖ್ಯವಾಗಿ ಅವಳಿಗೇ ಅನಿಸಲಿಲ್ಲ. ಇದಕ್ಕೆ ಏನು ಬೆಲೆ ಕಟ್ಟುತ್ತೀರಿ?

ಅಕ್ಷರ ಕಲಿಸುವ ಕ್ರಮದ ಬಗ್ಗೆ ಮನೆಯಲ್ಲಿ ಅಜ್ಜ ಅಜ್ಜಿಯರ ತಕರಾರು ಇದ್ದೇ ಇರುತ್ತದೆ. ಅ ಆ ಇ ಈ ಬಾರದ ಮಗು ಗರಗಸ ಅಂತ ಬರೆಯುತ್ತಿದೆ, ಇದೆಂಥ ಶಾಲೆ ಅಂತ ನಮ್ಮ ಮಾವನೂ ಕೇಳಿದ್ದರು. ನಲಿಕಲಿಯಲ್ಲಿ ಮೊದಲು ಬರುವುದು ರ, ಗ, ಸ, ದ, ಅ. ಆಮೇಲೆ ಜ, ವ, ಮ, ಬ, ನ. ವರ್ಣಮಾಲೆಯ ಸಾಲಲ್ಲಿ ಇವು ಚೆದುರಿ ಬಿದ್ದಿವೆ, ಆದರೆ ಬರೆಯಲು ಸುಲಭ, ಒಂದರ ಸುತ್ತು ಕಲಿತರೆ ಇನ್ನೊಂದು ಕೈಗೆ ಬರುತ್ತದೆ. ಐದೇ ಅಕ್ಷರದಲ್ಲಿ ಅರಸ, ಅಗಸ, ಸರ, ರಸ, ಗರಗಸ ಎಲ್ಲ ಓದಬಹುದು. ಮೊದಲ ಮೈಲಿಗಲ್ಲಿನಲ್ಲೇ ಮಗುವಿಗೆ ತಾನು ಓದುತ್ತಿದ್ದೇನೆ ಅನ್ನುವ ಖುಷಿ ಸಿಗುತ್ತದೆ. ಹಳೇ ಕ್ರಮದಲ್ಲಿ 49 ಅಕ್ಷರ ಬಾಯಿಪಾಠ ಆಗುವವರೆಗೆ ಒಂದು ಪದವೂ ಕೈಗೆ ಸಿಗುತ್ತಿರಲಿಲ್ಲ. ವರ್ಣಮಾಲೆಯ ಕ್ರಮ ಬೇಡ ಅಂತಲ್ಲ, ಆಮೇಲೆ ಅದನ್ನೂ ಹೇಳಿಸುತ್ತಾರೆ. ನನ್ನ ಮಗಳು ಒಂದನೇ ಕ್ಲಾಸಿನಲ್ಲಿ ಹುತ್ತರಿ ಹಬ್ಬದ ಹೊತ್ತಿಗೆ ಅಂಗಡಿ ಬೋರ್ಡು ಓದಲು ಶುರು ಮಾಡಿದಳು. ಮಾವ ಈಗ ತಕರಾರು ಮಾಡುವುದಿಲ್ಲ, ಪೇಪರ್ ಅವಳ ಕೈಲೇ ಓದಿಸುತ್ತಾರೆ.

ಮನೆ ಮಾತಿನ ವಿಷಯಕ್ಕೆ ಬಂದರೆ ನಮ್ಮ ಜಿಲ್ಲೆಯಷ್ಟು ಬೆರಕೆ ಎಲ್ಲೂ ಇಲ್ಲ ಅನಿಸುತ್ತದೆ. ಆ ಒಂದು ಕೋಣೆಯಲ್ಲಿ ಕೊಡವ ತಕ್ಕ್ ಆಡುವವರು, ಅರೆಭಾಷೆಯವರು, ಮಲಯಾಳ, ತಮಿಳು, ಬ್ಯಾರಿ, ಆದಿವಾಸಿ ಯರವರ ಮಕ್ಕಳು, ಈಚೆಗೆ ಅಸ್ಸಾಮಿನಿಂದ ತೋಟದ ಕೆಲಸಕ್ಕೆ ಬಂದವರ ಮಕ್ಕಳು. ಕನ್ನಡ ಇವರಲ್ಲಿ ಎಷ್ಟೋ ಮಕ್ಕಳಿಗೆ ಎರಡನೇ ಮಾತು. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಆದಷ್ಟು ಮಟ್ಟಿಗೆ ಐದನೇ ಕ್ಲಾಸಿನವರೆಗಾದರೂ ಮನೆಮಾತಲ್ಲಿ ಕಲಿಸಿ ಅನ್ನುತ್ತದೆ. ಕಾಗದದಲ್ಲಿ ಚೆಂದ, ಆದರೆ ಒಬ್ಬ ಟೀಚರ್ ಆರೇಳು ಭಾಷೆಯಲ್ಲಿ ಹೇಗೆ ಕಲಿಸುವುದು? ಇಲ್ಲಿಯ ಟೀಚರ್ ಮಾಡುವುದು ಇಷ್ಟು. ಶುರುವಿನ ಮೂರು ತಿಂಗಳ ವಿದ್ಯಾಪ್ರವೇಶ ಚಟುವಟಿಕೆ ಇದೆಯಲ್ಲ, ಅದರಲ್ಲಿ ದೊಡ್ಡ ಚಿತ್ರ ತೂಗು ಹಾಕಿ ಮಾತಾಡಿಸುತ್ತಾರೆ. ಮಗು ತನ್ನ ಮಾತಲ್ಲೇ ಹೇಳಬಹುದು, ತಿದ್ದುವುದಿಲ್ಲ. ಪಕ್ಕದ ಮಗು ಅದನ್ನು ಕನ್ನಡದಲ್ಲಿ ಹೇಳುತ್ತದೆ, ಟೀಚರ್ ಎರಡನ್ನೂ ಇನ್ನೊಮ್ಮೆ ಹೇಳುತ್ತಾರೆ. ಕೊಡವ, ಅರೆಭಾಷೆಯ ಮಕ್ಕಳಿಗೆ ಇದು ಬೇಗ ಹಿಡಿಸುತ್ತದೆ. ಯರವ ಮಕ್ಕಳಿಗೂ ಅಸ್ಸಾಮಿನ ಮಕ್ಕಳಿಗೂ ಮಾತ್ರ ಇದು ಸಾಲುತ್ತಿಲ್ಲ. ಅವರ ಪರವಾಗಿ ಕನ್ನಡದಲ್ಲಿ ಹೇಳುವ ಇನ್ನೊಂದು ಮಗು ತಂಡದಲ್ಲಿ ಇರುವುದೇ ಅಪರೂಪ, ಅವರ ಮಾತಿನ ಕಾರ್ಡು ಒಂದೂ ಟ್ರೇಯಲ್ಲಿಲ್ಲ. ಹಾಡಿಯಿಂದ ಒಬ್ಬ ಅಕ್ಕನನ್ನು ಬೆಳಿಗ್ಗೆ ಒಂದು ಗಂಟೆಯಾದರೂ ಕೂರಿಸಿಕೊಂಡರೆ ಎಷ್ಟು ಅನುಕೂಲ ಅಂತ ಎಸ್‌ಡಿಎಂಸಿಯಲ್ಲಿ ಹೇಳುತ್ತಲೇ ಇದ್ದೇನೆ. ಇದು ಶಾಲೆಯ ದೊಡ್ಡ ಕೊರತೆ, ಮೂರನೇ ಕ್ಲಾಸಿನವರೆಗೆ ಪೂರ್ತಿ ಅಂಕ ಅಂದಿದ್ದರೂ ಇದನ್ನು ಬರೆಯದೆ ಬಿಡಲು ಆಗುವುದಿಲ್ಲ.

ಪರಿಸರ ಪಾಠದಲ್ಲಿ ಈ ಶಾಲೆ ನಿಜಕ್ಕೂ ಮೇಲು. ಕಾರ್ಡಿನಲ್ಲಿ, ಪುಸ್ತಕದಲ್ಲಿ ಏನಿದೆಯೋ ಅದೇ ಕ್ರಮದಲ್ಲಿ ಹೋಗದೆ ನಮ್ಮ ಕಾಲಕ್ಕೆ ತಿರುಗಿಸಿಕೊಂಡಿದ್ದಾರೆ. ನೀರು, ಮಳೆ, ಹುಳ ಹುಪ್ಪಟೆ ಎಲ್ಲ ಜೂನ್, ಜುಲೈಗೆ. ಕಾಲಿಗೆ ಇಂಬಳ ಕಚ್ಚಿಸಿಕೊಂಡು ಬಂದ ಮಗು ಅವತ್ತಿನ ಪಾಠ. ಆಗಸ್ಟ್ ಶುರುವಿನಲ್ಲಿ ಕೊಡವರ ಕಕ್ಕಡ ತಿಂಗಳ ಹದಿನೆಂಟಕ್ಕೆ ಮನೆಮನೆಯಲ್ಲಿ ಮದ್ದು ಸೊಪ್ಪಿನ ಪಾಯಸ ಮಾಡುತ್ತೇವಲ್ಲ, ಆಗ ಸೊಪ್ಪನ್ನು ಕ್ಲಾಸಿಗೆ ತಂದು ನೀರಲ್ಲಿ ಹಾಕಿ ನೇರಳೆ ಬಣ್ಣ ಬಿಡುವುದನ್ನು ನೋಡುತ್ತಾರೆ. ಬಿಸಿ ನೀರಲ್ಲಿ ಬೇಗವೋ ತಣ್ಣೀರಲ್ಲಿ ಬೇಗವೋ ಅಂತ ಎರಡು ಲೋಟ ಇಟ್ಟು ಹೋಲಿಸಿದ್ದು ನನ್ನ ಮಗಳ ತಂಡ. ಗಿಡ, ಹೂವು, ಕಾಯಿಯ ಪಾಠ ಫೆಬ್ರವರಿ ಮಾರ್ಚಿಗೆ, ಯಾಕೆಂದರೆ ಹೂ ಮಳೆ ಬಿದ್ದು ವಾರ ಹತ್ತು ದಿನಕ್ಕೆ ರೊಬಸ್ಟಾ ಹೂ ಬಿಡುತ್ತದೆ, ಶಾಲೆಯ ಬೇಲಿಯಾಚೆಯೇ ಬೆಳ್ಳಗೆ ಕಾಣುತ್ತದೆ, ಜೇನು ಗುಂಯ್‌ಗುಡುತ್ತದೆ. ಪುಸ್ತಕದ ಚಿತ್ರ ತೋರಿಸಿ ಪರಾಗಸ್ಪರ್ಶ ಹೇಳುವ ಅಗತ್ಯವೇ ಇಲ್ಲ. ಇದನ್ನು ಯಾರೂ ಮೇಲಿನಿಂದ ಹೇಳಿ ಮಾಡಿಸಿದ್ದಲ್ಲ, ಏಣಿಯೂ ಅಷ್ಟು ಬಿಗಿ ಅಲ್ಲ. ಊರು ಗೊತ್ತಿರುವ ಟೀಚರ್ ಇದ್ದರೆ ಇಷ್ಟು ಆಗುತ್ತದೆ.

ಇನ್ನೊಂದು ಮಳೆ ಲೆಕ್ಕ. ಇದು ನನಗೆ ಎಲ್ಲಕ್ಕಿಂತ ಇಷ್ಟ. ನಲಿಕಲಿ ಕೋಣೆಯಲ್ಲಿ ಹವಾಮಾನ ನಕ್ಷೆ ಇರುತ್ತದೆ, ಬಿಸಿಲು, ಮೋಡ, ಮಳೆ ಅಂತ ದಿನಾ ಗುರುತು ಹಾಕುವುದು. ನಮ್ಮಲ್ಲಿ ಮಳೆಗಾಲದಲ್ಲಿ ದಿನವೂ ಒಂದೇ ಗುರುತು ಬೀಳುತ್ತದೆ, ಅದರಲ್ಲಿ ಕಲಿಯುವುದು ಏನೂ ಇಲ್ಲ. ಆದರೆ ತೋಟಗಳಲ್ಲಿ ಬೆಳಿಗ್ಗೆ ಲೆಕ್ಕ ಬರೆಯುವ ರೈಟರು ಮಳೆ ಮಾಪಕ ನೋಡಿ ಬರೆಯುತ್ತಾರೆ, ನಮ್ಮವರು ಮಳೆಯನ್ನು ಇಂಚು, ಸೆಂಟ್ಸ್ ಲೆಕ್ಕದಲ್ಲೇ ಮಾತಾಡುವುದು. ನಿನ್ನೆ ನಿಮ್ಮಲ್ಲಿ ಎಷ್ಟು, ಒಂದು ಇಂಚು ನಲವತ್ತು ಅಂತ. ಟೀಚರ್ ಅದನ್ನೇ ಹಿಡಿದರು. ಸಣ್ಣವರು ಮನೆಯಲ್ಲಿ ಅಥವಾ ತೋಟದಲ್ಲಿ ಕೇಳಿ ಬಂದ ಸಂಖ್ಯೆ ಗೋಡೆಗೆ ಬರೆಯುತ್ತಾರೆ, ಯಾವುದು ಜಾಸ್ತಿ ಯಾವುದು ಕಡಿಮೆ ಹೇಳುತ್ತಾರೆ. ಐದನೆಯವರಿಗೆ ಅದೇ ಸಂಖ್ಯೆ ದಶಮಾಂಶ. ನೂರು ಸೆಂಟ್ಸ್‌ಗೆ ಒಂದು ಇಂಚು, ಅಂದರೆ ಒಂದು ಇಂಚು ನಲವತ್ತು ಸೆಂಟ್ಸ್ ಅಂದರೆ 1.40. ಇಂಚಿಗೆ 25.4 ಮಿಲಿಮೀಟರ್, ಗುಣಿಸಿದರೆ 35.56 ಮಿಲಿಮೀಟರ್. ಪೇಪರಿನಲ್ಲಿ ಮಳೆ ಮಿಲಿಮೀಟರ್‌ನಲ್ಲಿ ಬರುತ್ತದೆ, ತೋಟದಲ್ಲಿ ಇಂಚಿನಲ್ಲಿ ಹೇಳುತ್ತಾರೆ. ಎರಡೂ ಒಂದೇ ಮಳೆ ಅಂತ ನನ್ನ ಮಗನಿಗೆ ಲೆಕ್ಕ ಮಾಡಿ ಗೊತ್ತಾಯಿತು. ಒಂದು ಸಲ ಇಬ್ಬರು ಹುಡುಗರಿಗೆ ಜಗಳವೇ ಆಯಿತು. ಒಬ್ಬ ತನ್ನ ತೋಟದಲ್ಲಿ ಎರಡು ಇಂಚು ಅಂದ, ಇನ್ನೊಬ್ಬ ಗುಡ್ಡದ ಈಚೆಯವನು ಮುಕ್ಕಾಲು ಇಂಚೂ ಇಲ್ಲ, ಅವನು ಸುಳ್ಳು ಹೇಳುತ್ತಿದ್ದಾನೆ ಅಂದ. ಟೀಚರ್ ಯಾರದು ಸರಿ ಅಂತ ತೀರ್ಪು ಕೊಡಲಿಲ್ಲ. ಒಂದು ವಾರ ಇಬ್ಬರೂ ಬರೆದು ತನ್ನಿ ಅಂದರು. ವಾರ ಪೂರ್ತಿ ಗುಡ್ಡದ ಆಚೆಯದ್ದೇ ಜಾಸ್ತಿ. ಗಾಳಿ ಯಾವ ಕಡೆಯಿಂದ ಬರುತ್ತದೆ, ಗುಡ್ಡದ ಯಾವ ಮೈಗೆ ಮೋಡ ತಾಗುತ್ತದೆ ಅಂತ ಆಮೇಲೆ ಮಾತು ಹೋಯಿತು. ಭಾಗಮಂಡಲದಲ್ಲಿ ಸುರಿದಷ್ಟು ಮಳೆ ಕುಶಾಲನಗರದಲ್ಲಿ ಯಾಕೆ ಇಲ್ಲ ಅನ್ನುವ ಪ್ರಶ್ನೆಗೆ ಐದನೇ ಕ್ಲಾಸಿನ ಮಗ ಮನೆಯಲ್ಲಿ ಉತ್ತರ ಹೇಳಿದಾಗ ನನಗೆ ಆದ ಸಂತೋಷ ಹೇಳಿ ಮುಗಿಯುವುದಿಲ್ಲ.

ಈಗ ಅರ್ಧ ಅಂಕ ಯಾಕೆ ಕಳೆದೆ ಅಂತ ಹೇಳಬೇಕು.

ಮೂರರಿಂದ ನಾಲ್ಕಕ್ಕೆ ಹೋದ ಕೂಡಲೇ ಏಣಿ, ಕಾರ್ಡು, ತಟ್ಟೆ ಎಲ್ಲ ನಿಂತುಹೋಗುತ್ತದೆ. ಬೆಂಚು, ಪುಸ್ತಕ, ಕಪ್ಪು ಹಲಗೆ, ನೋಟ್ಸು. ಇದು ಈ ಒಂದು ಶಾಲೆಯ ತಪ್ಪಲ್ಲ, ಯೋಜನೆಯೇ ಮೂರಕ್ಕೆ ಮುಗಿಯುತ್ತದೆ. ಆದರೆ ಮಗುವಿಗೆ ಅದು ಗೊತ್ತಿಲ್ಲವಲ್ಲ. ಮೂರು ವರ್ಷ ತನ್ನ ವೇಗದಲ್ಲಿ, ಗೆಳೆಯರ ಜೊತೆ ಮಾತಾಡುತ್ತಾ ಕಲಿತ ಮಗುವಿಗೆ ಜೂನ್‌ನಲ್ಲಿ ಒಮ್ಮೆಲೇ ಸುಮ್ನೆ ಕೂತು ಕೇಳು ಅಂದರೆ ಹೇಗೆ? ನನ್ನ ಮಗ ನಾಲ್ಕನೇ ಕ್ಲಾಸಿನ ಮೊದಲ ತಿಂಗಳುಗಳಲ್ಲಿ ಮಂಕಾಗಿಬಿಟ್ಟಿದ್ದ. ಕಾರ್ಡಿನ ನಾಲ್ಕು ಸಾಲು ಓದಿ ಅಭ್ಯಾಸ ಇದ್ದವನಿಗೆ ಪುಸ್ತಕದ ಎರಡು ಪುಟದ ಪಾಠ ಓದಿ ಪ್ರಶ್ನೆಗೆ ಉತ್ತರ ಬರೆಯುವುದು ಕಷ್ಟವಾಯಿತು. ಇನ್ನೂ ಮೂರನೆಯ ಮೆಟ್ಟಿಲು ಮುಗಿಸದ ಮಕ್ಕಳ ಪಾಡು ಇದಕ್ಕಿಂತ ಕಷ್ಟ. ಅಲ್ಲಿಯವರೆಗೆ ಅವರನ್ನು ಕಾದು ನಿಂತ ಪಾಠ ನಾಲ್ಕರಲ್ಲಿ ಅವರನ್ನು ಬಿಟ್ಟು ಹೊರಡುತ್ತದೆ. ಮೂರನೆಯ ಕೊನೆಯ ಎರಡು ತಿಂಗಳು ಉದ್ದ ಪಾಠ ಓದಿಸಿ, ನಾಲ್ಕರ ಮೊದಲ ಎರಡು ತಿಂಗಳು ಗುಂಪಿನಲ್ಲೇ ಕೂರಿಸಿದರೆ ಈ ಹಳ್ಳ ಅರ್ಧ ತುಂಬುತ್ತದೆ. ಇದಕ್ಕೆ ದುಡ್ಡು ಬೇಡ, ಸುತ್ತೋಲೆ ಬೇಡ. ಇಬ್ಬರು ಟೀಚರ್ ಕೂತು ಮಾತಾಡಬೇಕು, ಅಷ್ಟೇ. ಹೋದ ಸಲದ ಸಭೆಯಲ್ಲಿ ಹೇಳಿದ್ದೇವೆ, ಈ ಸಲ ಮಾಡುತ್ತೇವೆ ಅಂದಿದ್ದಾರೆ.

ಗಣಿತದ್ದೂ ಒಂದು ದೂರು. ನಾಲ್ಕು, ಐದಕ್ಕೆ ಗಣಿತ ಕಲಿಕಾ ಆಂದೋಲನದ ಕಿಟ್ ಇದೆ, ಒಳ್ಳೆಯ ಸಾಮಾನು, ಭಿನ್ನರಾಶಿಯ ಪಟ್ಟಿ, ಹತ್ತರ ಕಟ್ಟು, ಎಲ್ಲ ಇದೆ. ತುಂಬಾ ಕಾಲ ಅದು ಬೀರುವಿನಲ್ಲೇ ಇತ್ತು, ಕಳೆದುಹೋದರೆ ಲೆಕ್ಕ ಕೊಡಬೇಕು ಅಂತ ಭಯ. ಮಕ್ಕಳ ಕೈಗೆ ಬಾರದ ಕಿಟ್ ಇದ್ದೂ ಇಲ್ಲದ ಹಾಗೆ. ಪೋಷಕರು ಕೇಳಿದ ಮೇಲೆ ಹೊರಗೆ ಬಂತು. ನಿಮ್ಮ ಶಾಲೆಯಲ್ಲೂ ಬೀರು ತೆಗೆಸಿ ನೋಡಿ.

ಕಾರ್ಡುಗಳ ಸ್ಥಿತಿ ಇನ್ನೊಂದು. ನಮ್ಮ ಮಳೆಗಾಲದಲ್ಲಿ ಬಟ್ಟೆಗೇ ಬೂಷ್ಟು ಹಿಡಿಯುತ್ತದೆ, ರಟ್ಟಿನ ಕಾರ್ಡು ಬಿಡುತ್ತದಾ? ಅಂಚು ಸುರುಳಿ ಸುತ್ತಿ, ಲೋಗೋ ಮಾಸಿ, ಕೆಲವು ಕಾರ್ಡು ಕಳೆದುಹೋಗಿ, ಏಣಿಯ ಮಧ್ಯ ಮಧ್ಯ ಮೆಟ್ಟಿಲೇ ಇಲ್ಲದ ಹಾಗೆ ಆಗುತ್ತದೆ. ಹೊಸ ಸೆಟ್ ಬರುವವರೆಗೆ ಟೀಚರ್ ಕೈಯಲ್ಲೇ ಬರೆದು ಪ್ಲಾಸ್ಟಿಕ್ ಕವರಿಗೆ ಹಾಕಿದ್ದಾರೆ. ಇಡೀ ಪದ್ಧತಿ ಕಾರ್ಡಿನ ಮೇಲೆ ನಿಂತಿರುವಾಗ ಮಲೆನಾಡಿಗೆ ಕಳಿಸುವ ಕಾರ್ಡನ್ನಾದರೂ ಲ್ಯಾಮಿನೇಟ್ ಮಾಡಿ ಕಳಿಸಬೇಕು.

ಟೀಚರ್‌ಗಳ ಸಮಯದ್ದು ಎಲ್ಲಕ್ಕಿಂತ ದೊಡ್ಡ ಸಮಸ್ಯೆ. ಚುನಾವಣೆ, ಸಮೀಕ್ಷೆ, ತರಬೇತಿ, ಮೇಲಿಂದ ಮೇಲೆ ಆನ್‌ಲೈನ್ ಮಾಹಿತಿ ತುಂಬುವುದು. ನಲಿಕಲಿ ಟೀಚರ್ ಒಂದು ದಿನ ಇಲ್ಲ ಅಂದರೆ ಆ ಕೋಣೆ ನಡೆಯುವುದಿಲ್ಲ, ಬೇರೆಯವರು ಬಂದು ಕೂತರೆ ಯಾವ ಮಗು ಯಾವ ಮೆಟ್ಟಿಲಲ್ಲಿದೆ ಅಂತ ಅವರಿಗೆ ತಿಳಿಯದು. ಶಿಕ್ಷಣ ಹಕ್ಕು ಕಾಯ್ದೆ ಐದನೇ ಕ್ಲಾಸಿನವರೆಗೆ ವರ್ಷಕ್ಕೆ 200 ದಿನ, 800 ಗಂಟೆ ಪಾಠ ಆಗಬೇಕು ಅನ್ನುತ್ತದೆ. ಮಳೆ ರಜೆಗೆ ಬದಲು ಶನಿವಾರ ಮಧ್ಯಾಹ್ನದ ಮೇಲೂ ಕ್ಲಾಸು ಮಾಡಿ ದಿನದ ಲೆಕ್ಕ ಸರಿ ಮಾಡುತ್ತಾರೆ. ಆದರೆ ಟೀಚರ್ ಬೇರೆ ಕೆಲಸಕ್ಕೆ ಹೋದ ಗಂಟೆಗಳು ಯಾವ ಲೆಕ್ಕಕ್ಕೂ ಬರುವುದಿಲ್ಲ.

ಓದುವ ವೇಗದ ಬಗ್ಗೆ ಒಂದು ಮಾತು. 2021ರಲ್ಲಿ ಶುರುವಾದ, ಸಣ್ಣ ಮಕ್ಕಳ ಓದು ಲೆಕ್ಕಕ್ಕೆ ಕೇಂದ್ರ ಸರ್ಕಾರ ಮಾಡಿದ ಯೋಜನೆ ನಿಪುಣ್ ಭಾರತ್‌ನ ಗುರಿ ಪ್ರಕಾರ ಮೂರನೇ ಕ್ಲಾಸ್ ಮುಗಿಸುವಾಗ ಮಗು ನಿಮಿಷಕ್ಕೆ ಕಡಿಮೆ ಅಂದರೂ 60 ಪದ ಅರ್ಥ ಮಾಡಿಕೊಂಡು ಓದಬೇಕು, 9999ರವರೆಗೆ ಸಂಖ್ಯೆ ಗೊತ್ತಿರಬೇಕು. ಸಂಖ್ಯೆಯದ್ದು ಸರಿ. ಓದಿನದ್ದು ನನಗೆ ಒಪ್ಪಿಗೆ ಇಲ್ಲ. ಕನ್ನಡದಲ್ಲಿ ಪದಗಳು ಒಂದಕ್ಕೊಂದು ಸೇರಿ ಉದ್ದ ಆಗುತ್ತವೆ, ಗಡಿಯಾರ ಹಿಡಿದು ಎಣಿಸಿದರೆ ಮಗು ಓಡಿಸುತ್ತದೆ, ಅರ್ಥ ಹಿಂದೆ ಬೀಳುತ್ತದೆ. ಈ ಶಾಲೆಯಲ್ಲಿ ಓದಿಸಿದ ಮೇಲೆ ಕತೆಯನ್ನು ತನ್ನ ಮಾತಲ್ಲಿ ಹೇಳಿಸುತ್ತಾರೆ, ಅದೇ ಸರಿಯಾದ ಪರೀಕ್ಷೆ.

ಇಂಗ್ಲಿಷ್ ವಿಷಯದಲ್ಲಿ ಸುಮ್ಮನೆ ಹೊಗಳಲು ಆಗುವುದಿಲ್ಲ. ಒಂದನೇ ಕ್ಲಾಸಿನಿಂದಲೇ ಇದೆ, ಹಾಡು, ಸಣ್ಣ ಮಾತು, ಚಿತ್ರ ನೋಡಿ ಹೇಳುವುದು ಚೆನ್ನಾಗಿದೆ. ಮಗಳು ಕೇಳಿದರೆ ಅರ್ಥ ಮಾಡಿಕೊಳ್ಳುತ್ತಾಳೆ, ಓದುವುದು ನಿಧಾನ. ಪಟ್ಟಣದ ಖಾಸಗಿ ಶಾಲೆಯಲ್ಲಿರುವ ನನ್ನ ತಂಗಿಯ ಮಗ ಇದೇ ವಯಸ್ಸಿಗೆ ಇಂಗ್ಲಿಷ್ ಪುಸ್ತಕ ಸರಾಗ ಓದುತ್ತಾನೆ, ಅಕ್ಷರ ದುಂಡಗೆ ಬರೆಯುತ್ತಾನೆ. ಅದು ಆ ಶಾಲೆಯ ಹೆಗ್ಗಳಿಕೆ. ಆದರೆ ಅವನು ಜ್ವರ ಬಂದು ಮಲಗಿದ್ದಾಗ ಪೋರ್ಷನ್ ಮುಂದೆ ಹೋಗಿಬಿಟ್ಟಿತು, ತಂಗಿ ರಾತ್ರಿ ಕೂತು ಬೇರೆ ಮಕ್ಕಳ ನೋಟ್ಸಿನ ಫೋಟೋ ನೋಡಿ ಬರೆಸಿದಳು. ಎಲ್‌ಕೆಜಿಯಿಂದಲೇ ಹೋಮ್‌ವರ್ಕ್. ಒಂದು, ಎರಡನೇ ಕ್ಲಾಸಿನ ಮಗುವಿನ ಬ್ಯಾಗು ಎರಡು ಕೆ.ಜಿ. ದಾಟಬಾರದು ಅಂತ 2019ರಲ್ಲೇ ಸರ್ಕಾರದ ಆದೇಶ ಆಗಿದೆ, ಅವನ ಬ್ಯಾಗು ನಾನು ಎತ್ತಿ ನೋಡಿದ್ದೇನೆ, ಎರಡು ಕೆ.ಜಿ.ಯಲ್ಲಿ ನಿಲ್ಲುವ ಬ್ಯಾಗಲ್ಲ. ನನ್ನ ಮಗಳ ಕಾರ್ಡುಗಳು ಕೋಣೆಯಲ್ಲೇ ಇರುತ್ತವೆ, ಅವಳು ಒಂದು ಅಭ್ಯಾಸ ಪುಸ್ತಕ, ನೀರಿನ ಬಾಟಲಿ, ಕೊಡೆ ಹಿಡಿದು ಹೋಗುತ್ತಾಳೆ. ಇಂಗ್ಲಿಷ್ ಓದುವುದನ್ನು ನಾನು ಮನೆಯಲ್ಲಿ ಸಂಜೆ ಸ್ವಲ್ಪ ಮಾಡಿಸುತ್ತೇನೆ. ಹೇಳಿಕೊಡುವವರು ಯಾರೂ ಇಲ್ಲದ ಲೈನ್ ಮನೆಯ ಮಗುವಿಗೆ ಇದು ಸಿಗುವುದಿಲ್ಲ, ಆ ಜವಾಬ್ದಾರಿ ಶಾಲೆಯೇ ಹೊರಬೇಕು ಅನ್ನುವುದೂ ನಿಜ.

ಪೋಷಕರ ಸಭೆ ಇಡುವುದು ಕೆಲಸದ ದಿನ ಬೆಳಿಗ್ಗೆ ಹನ್ನೊಂದಕ್ಕೆ. ಆ ಹೊತ್ತಿಗೆ ತೋಟದವರು ಯಾರು ಬರಲು ಸಾಧ್ಯ? ಒಂದು ದಿನದ ಕೂಲಿ ಹೋಗುತ್ತದೆ. ಬಂದವರು ನಾವೇ ನಾಲ್ಕು ಜನ, ನಾವೇ ಮಾತಾಡಿ ನಾವೇ ಒಪ್ಪಿ ಬರುವುದು. ಸಂಜೆ ಕೆಲಸ ಬಿಟ್ಟ ಮೇಲೆ ಲೈನ್ ಮನೆ ಹತ್ತಿರವೇ ಒಮ್ಮೆ ಸಭೆ ಇಟ್ಟೆವು, ಟೀಚರ್ ಏಣಿಯ ಹಾಳೆಯನ್ನೇ ಹಿಡಿದುಕೊಂಡು ಬಂದರು. ಓದು ಬಾರದ ತಾಯಂದಿರೂ ಲೋಗೋ ನೋಡಿ ತಮ್ಮ ಮಗು ಎಲ್ಲಿದೆ ಅಂತ ಬೆರಳಿಟ್ಟು ತೋರಿಸಿದರು. ಮಾರ್ಕ್ಸ್ ಕಾರ್ಡಿನಲ್ಲಿ ಆಗದ್ದು ಇದು. ಹೀಗೆ ಪ್ರತಿ ಸಲ ಮಾಡಬೇಕು, ಇನ್ನೂ ರೂಢಿ ಆಗಿಲ್ಲ.

ಸೇರಿಸುವ ಮೊದಲು ಹೋಗಿ ನೋಡುವವರಿಗೆ ಹೇಳುವುದಾದರೆ, ಮೇ ಕೊನೆಯ ದಾಖಲಾತಿ ಗಲಾಟೆಯಲ್ಲಿ ಹೋಗಬೇಡಿ, ಆಗ ಕೋಣೆ ಖಾಲಿ ಇರುತ್ತದೆ, ಏನೂ ಗೊತ್ತಾಗುವುದಿಲ್ಲ. ನವೆಂಬರ್, ಡಿಸೆಂಬರ್‌ನಲ್ಲಿ, ಮಳೆ ನಿಂತ ಮೇಲೆ, ಬೆಳಿಗ್ಗೆ ಹತ್ತೂವರೆ ಹನ್ನೊಂದರ ಹೊತ್ತಿಗೆ ಹೋಗಿ. ಮುಖ್ಯ ಶಿಕ್ಷಕರ ಹತ್ತಿರ ಕೇಳಿ ಅರ್ಧ ಗಂಟೆ ಹಿಂದೆ ಕೂತುಕೊಳ್ಳಿ. ಟ್ರೇಯಲ್ಲಿ ಕಾರ್ಡು ಪೂರ್ತಿ ಇದೆಯಾ, ಮಕ್ಕಳು ತಾವೇ ಎದ್ದು ಹೋಗಿ ತೆಗೆಯುತ್ತಾರಾ, ಅಥವಾ ಟೀಚರ್ ಎಲ್ಲರಿಗೂ ಒಂದೇ ಕಾರ್ಡು ಹಂಚಿ ಒಟ್ಟಿಗೆ ಓದಿಸುತ್ತಿದ್ದಾರಾ ನೋಡಿ. ಕೆಲವು ಕಡೆ ಹೆಸರು ಮಾತ್ರ ನಲಿಕಲಿ, ನಡೆಯುವುದು ಹಳೇ ಪಾಠ. ಗೋಡೆಯ ಪ್ರಗತಿ ನೋಟದಲ್ಲಿ ಈ ತಿಂಗಳ ಗುರುತು ಇದೆಯಾ ನೋಡಿ. ಕೊನೆಗೆ ಟೀಚರ್‌ಗೆ ಒಂದೇ ಪ್ರಶ್ನೆ ಕೇಳಿ, ನನ್ನ ಮಗು ಮಳೆಯಿಂದ ಹದಿನೈದು ದಿನ ಬಾರದಿದ್ದರೆ ಬಂದ ದಿನ ಏನು ಮಾಡಿಸುತ್ತೀರಿ ಅಂತ. ಇದೇ ಪ್ರಶ್ನೆಯನ್ನು ಫೀಸು ಕಟ್ಟುವ ಶಾಲೆಯಲ್ಲೂ ಕೇಳಿ, ಎರಡು ಉತ್ತರವನ್ನೂ ಪಕ್ಕಪಕ್ಕ ಇಟ್ಟು ನೋಡಿ ಸೇರಿಸಿ.